ಇಂಚಿಗೆ ಎಷ್ಟು, ಮೀಟರಿಗೆ ಎಷ್ಟು?

(ವಿದ್ಯಾರ್ಥಿ-ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಪಾಠ ಹೇಳುವವರಿಗೆ ಭೌತಶಾಸ್ತ್ರದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು. ವಿಜ್ಞಾನಕ್ಕೆ ಸೇರುವ ನಮ್ಮ ಮಕ್ಕಳು ಎಷ್ಟೋ ಸಲ ಎಡವುವುದು ಭಾಷೆಯ ಒಂದು ಸಣ್ಣ ಪದದ ಮೇಲೆ. ಆದ್ದರಿಂದ ಈ ವಿಷಯ ನನ್ನ ಪಾಲಿಗೂ ಬರುತ್ತದೆ.

ಮರದ ಮಿಲ್ಲಿನಲ್ಲಿ ಕೆಲಸ ಮಾಡುವವರ ಮಗನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ದ್ವಿತೀಯ ಪಿ.ಯು. ನೋಟ್‌ಬುಕ್ ಹಿಡಿದು ಮನೆಗೆ ಬಂದ. "ಸೈನ್ಸ್ ಬಿಟ್ಟು ಆರ್ಟ್ಸಿಗೆ ಹೋಗ್ತೀನಿ" ಎಂದ. ಪುಟ ತೆರೆದು ನೋಡಿದೆ. ರೇಖೀಯ ಆವೇಶ ಸಾಂದ್ರತೆಯ ಲೆಕ್ಕ. ಒಂದು ತಂತಿಯ ಮೇಲೆ ಇಂಚಿಗೆ 5 ನ್ಯಾನೋಕೂಲಂ ಆವೇಶವಿದೆ, ಮೀಟರಿಗೆ ಎಷ್ಟು? ಒಂದು ಇಂಚು ಎಂದರೆ 0.0254 ಮೀಟರ್ ಎಂದು ಅವನಿಗೆ ಗೊತ್ತಿತ್ತು. 5ನ್ನು 0.0254ರಿಂದ ಗುಣಿಸಿ 0.127 ಎಂದು ಬರೆದಿದ್ದ. ಅದರ ಮೇಲೆ ಕೆಂಪು ಗೆರೆ ಬಿದ್ದಿತ್ತು. ಏಕೆ ತಪ್ಪು ಎಂದು ಯಾರೂ ಹೇಳಿರಲಿಲ್ಲ.

ನಾನು ಹೂವಿನ ಮಾತು ತೆಗೆದೆ. ಸಂತೆಯಲ್ಲಿ ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಮೊಳಕ್ಕೆ 60 ಹೂ ಇದ್ದರೆ ಮಾರಿಗೆ ಎಷ್ಟು? ನಾಲ್ಕು ಮೊಳ ಒಂದು ಮಾರು, ಆದ್ದರಿಂದ 240 ಎಂದು ಕೂಡಲೇ ಹೇಳಿದ. ದಂಡೆಗೆ ಒಂದು ಹೂವನ್ನೂ ಹೆಚ್ಚಾಗಿ ಕಟ್ಟಲಿಲ್ಲ, ಎಣಿಸುವ ತುಂಡು ಉದ್ದವಾಯಿತು, ಅಷ್ಟೇ. ತಂತಿಯ ಕಥೆಯೂ ಇದೇ. ಇಂಚು ಚಿಕ್ಕ ತುಂಡು, ಮೀಟರಿನಲ್ಲಿ ಅಂಥ 39.37 ತುಂಡುಗಳಿವೆ. ಆದ್ದರಿಂದ ಉತ್ತರ ದೊಡ್ಡದಾಗಲೇಬೇಕು: 5ನ್ನು 0.0254ರಿಂದ ಭಾಗಿಸಿದರೆ 196.85 ನ್ಯಾನೋಕೂಲಂ. ಹುಡುಗನ ಉತ್ತರಕ್ಕೂ ಸರಿ ಉತ್ತರಕ್ಕೂ ಸುಮಾರು 1550 ಪಟ್ಟು ಅಂತರ! ಕೂಲಂ ಎಲ್ಲ ಕಡೆ ಕೂಲಂ ಆಗಿಯೇ ಉಳಿಯುತ್ತದೆ. ಬದಲಾಗುವುದು ಕೆಳಗಿರುವ ಉದ್ದ ಮಾತ್ರ.

ಆ ಸಣ್ಣ ಪದ ಯಾವುದೆಂದು ಈಗ ಹೇಳುತ್ತೇನೆ. ಉರ್ದುವಿನಲ್ಲಿ ಅದು "ಫೀ". ಫೀ ಸದ್ ಎಂದರೆ ನೂರಕ್ಕೆ, ಫೀ ಮೀಟರ್ ಎಂದರೆ ಮೀಟರಿಗೆ. ಕನ್ನಡದಲ್ಲಿ "ಪ್ರತಿ" ಎನ್ನುತ್ತೇವೆ, ಇಲ್ಲವೇ "ಗೆ", "ಕ್ಕೆ" ಎಂಬ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಅದು "ಪರ್" ಆಗಿ, ಪುಸ್ತಕದಲ್ಲಿ ಬರೀ ಒಂದು ಓರೆಗೆರೆಯಾಗಿ ಬಂದಾಗ ಮಗು ಅದನ್ನು ಓದದೆ ದಾಟಿಬಿಡುತ್ತದೆ. ಚಾರ್ಜ್ ಎಂಬ ಪದದ ಗೊಂದಲ ಬೇರೆ! ಮೊಬೈಲಿಗೂ ಚಾರ್ಜ್, ಬಸ್ಸಿಗೂ ಚಾರ್ಜ್, ತಂತಿಯ ಮೇಲೂ ಚಾರ್ಜ್.

ದೇಶದಲ್ಲಿ 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆ ಬಂದಿದೆಯಲ್ಲ, ಇಂಚು ಏಕೆ ಬೇಕು ಎನ್ನುವವರು ಹುಣಸೂರಿನ ಮರದ ಮಿಲ್ಲುಗಳಿಗೆ ಹೋಗಿ ನೋಡಲಿ. ಅರಣ್ಯ ಇಲಾಖೆಯ ಡಿಪೋದಲ್ಲಿ ಮರದ ಲೆಕ್ಕ ಘನ ಮೀಟರಿನಲ್ಲಿ, ಮಿಲ್ಲಿನಲ್ಲಿ ಘನ ಅಡಿಯಲ್ಲಿ. ಒಂದು ಘನ ಮೀಟರಿಗೆ 35.3 ಘನ ಅಡಿ. ಡಿಪೋದ ದರವನ್ನು ಅಡಿಯ ದರಕ್ಕೆ ತರಲು ಭಾಗಿಸಬೇಕೋ ಗುಣಿಸಬೇಕೋ ಎಂದು ಆ ಹುಡುಗನ ತಂದೆಯನ್ನು ಕೇಳಿ, ಕಾಗದವಿಲ್ಲದೆ ಹೇಳುತ್ತಾರೆ. ರೈತರದೂ ಇದೇ ಪಾಡು. ಗೊಬ್ಬರದ ಶಿಫಾರಸು ಹೆಕ್ಟೇರಿಗೆ 100 ಕಿಲೋ ಎಂದಿದ್ದರೆ ಎಕರೆಗೆ ಸುಮಾರು 40 ಕಿಲೋ. ತಿರುಗಾಮುರುಗಾ ಮಾಡಿ 247 ಕಿಲೋ ಹಾಕಿದರೆ ಕೆ.ಆರ್. ನಗರದ ಭತ್ತವೂ ಉಳಿಯದು, ಕೋಟೆಯ ಹತ್ತಿಯೂ ಉಳಿಯದು. ವಿದ್ಯುತ್ ಕಲಿಯುವವರಿಗಂತೂ ತಪ್ಪಿದ್ದಲ್ಲ. ಅಮೆರಿಕದ ಕೇಬಲ್ ಪಟ್ಟಿಗಳಲ್ಲಿ ಇಂದಿಗೂ ಅಡಿಗೆ ಇಷ್ಟು ಪಿಕೋಫ್ಯಾರಡ್ ಎಂದೇ ಇರುತ್ತದೆ. ಅಡಿಗೆ 30 ಪಿಕೋಫ್ಯಾರಡ್ ಇರುವ ಕೇಬಲಿಗೆ 10 ವೋಲ್ಟ್ ಕೊಟ್ಟರೆ ಅಡಿಗೆ 300 ಪಿಕೋಕೂಲಂ, ಮೀಟರಿಗೆ ಸುಮಾರು 984.

ನಮ್ಮ ಪರಂಪರೆಯ ದೊಡ್ಡ ವಿದ್ವಾಂಸ ಅಲ್ ಬಿರೂನಿ 11ನೇ ಶತಮಾನದಲ್ಲಿ ಪಂಜಾಬಿನ ನಂದನ ಕೋಟೆಯ ಬಳಿ ಬೆಟ್ಟದ ಎತ್ತರ ಅಳೆದು, ತುದಿಯಿಂದ ದಿಗಂತ ಎಷ್ಟು ಕೆಳಗೆ ಕಾಣುತ್ತದೆಂದು ನೋಡಿ, ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಅವರ ಲೆಕ್ಕ "ಧಿರಾ" ಎಂಬ ಅಳತೆಯಲ್ಲಿದೆ, ಅಂದರೆ ನಮ್ಮ ಮೊಳವೇ. ಆ ಮೊಳ ಎಷ್ಟು ಉದ್ದದ್ದೆಂದು ಇಂದಿಗೂ ಚರ್ಚೆ ನಡೆಯುತ್ತಿರುವುದರಿಂದ, ಅವರ ಉತ್ತರ ಎಷ್ಟು ನಿಖರವೆಂಬುದೂ ಚರ್ಚೆಯಲ್ಲೇ ಇದೆ.

ಆ ಹುಡುಗ ಸೈನ್ಸ್ ಬಿಡಲಿಲ್ಲ. ಮಾರನೆಯ ವಾರ ಇನ್ನಿಬ್ಬರನ್ನು ಕರೆತಂದ. ಅವರಿಗೆ ಕೊಟ್ಟ ಲೆಕ್ಕವನ್ನೇ ನಿಮ್ಮ ಮನೆಯ ಮಕ್ಕಳಿಗೂ ಕೊಡಿ. ಅಡಿಗೆ 6 ನ್ಯಾನೋಕೂಲಂ, ಒಂದು ಅಡಿ 0.3048 ಮೀಟರ್. ಮೀಟರಿಗೆ 19.7 ಬಂದರೆ ಸರಿ. 1.83 ಬಂದರೆ ಬೈಯಬೇಡಿ, ಕೈಗೆ ದುಡ್ಡು ಕೊಟ್ಟು ಎರಡು ಮೊಳ ಮಲ್ಲಿಗೆ ತರಲು ಕಳುಹಿಸಿ.