ಹಿಚ್‌ಹೈಕ್: ಒಂದು ಪದದ ವಿಚಾರ

ಪರಭಾಷೆಯ ಕೆಲವು ಪದಗಳು ನಮ್ಮಲ್ಲಿಗೆ ಬರುವ ಎಷ್ಟೋ ಮೊದಲೇ ಅವು ಸೂಚಿಸುವ ಕ್ರಿಯೆ ನಮ್ಮಲ್ಲಿ ರೂಢಿಯಲ್ಲಿರುತ್ತದೆ. ‘ಹಿಚ್‌ಹೈಕ್’ ಎಂಬುದು ಅಂತಹ ಒಂದು ಪದ. ದಾರಿಹೋಕನೊಬ್ಬನು ಅಪರಿಚಿತರ ವಾಹನವನ್ನು ಕೈತೋರಿಸಿ ನಿಲ್ಲಿಸಿ, ಬಾಡಿಗೆ ಕೊಡದೆ ಅವರು ಹೋಗುವಷ್ಟು ದೂರ ಹೋಗಿ, ಅಲ್ಲಿಂದ ಮುಂದಕ್ಕೆ ಮತ್ತೊಂದು ವಾಹನವನ್ನು ಕಾಯುವುದು ಇದರ ಅರ್ಥ.

ಈ ಪದ ಅಮೆರಿಕದಲ್ಲಿ 1920ರ ದಶಕದಲ್ಲಿ ಬಳಕೆಗೆ ಬಂದಿತು. ಮೋಟಾರು ಕಾರು ಸಾಮಾನ್ಯರ ಕೈಗೂ ಎಟುಕತೊಡಗಿದ್ದ ಕಾಲ ಅದು. ಪದದಲ್ಲಿ ಎರಡು ಭಾಗಗಳಿವೆ. ‘ಹೈಕ್’ ಎಂದರೆ ದೂರದ ಕಾಲುನಡಿಗೆ. ‘ಹಿಚ್’ ಎಂದರೆ ಕೊಕ್ಕೆಯಿಂದಲೋ ಕುಣಿಕೆಯಿಂದಲೋ ಒಂದನ್ನು ಇನ್ನೊಂದಕ್ಕೆ ಸಿಕ್ಕಿಸುವುದು. ಕುದುರೆಯನ್ನು ಗಾಡಿಗೆ ಕಟ್ಟುವುದಕ್ಕೂ ಅದೇ ಮಾತು. ಅಮೃತಮಹಲ್ ರಾಸುಗಳಿಗೆ ಹೆಸರಾದ ಬೀರೂರು, ಅಜ್ಜಂಪುರದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಗಾಡಿ ಕಟ್ಟು’ ಎಂದೊಡನೆ ನೊಗವೂ ಎತ್ತಿನ ಕೊರಳೂ ಅವರ ಕಣ್ಣೆದುರಿಗೆ ಬರುತ್ತವೆ. ನಡೆಯುವವನು ತನ್ನ ನಡಿಗೆಯನ್ನೇ ಇನ್ನೊಬ್ಬರ ಗಾಡಿಗೆ ಕಟ್ಟುವುದು ಹಿಚ್‌ಹೈಕ್ ಎನ್ನೋಣ.

ಇಬ್ಬರು ಪ್ರಯಾಣಿಕರು ಒಂದೇ ಕುದುರೆಯನ್ನು ಸರದಿಯ ಮೇಲೆ ಏರಿ, ಕಟ್ಟಿಹಾಕಿ, ಮುಂದೆ ನಡೆಯುತ್ತಿದ್ದ ಪದ್ಧತಿಯಿಂದ ಈ ಪದ ಬಂದಿತೆಂದು ಕೆಲವರು ಹೇಳುವುದುಂಟು. ಕಥೆ ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ಆ ಪದ್ಧತಿಗೆ ಇಂಗ್ಲಿಷಿನಲ್ಲಿ ಬೇರೆಯೇ ಹೆಸರಿದೆ, ಅದರ ವರ್ಣನೆ 1742ರಲ್ಲಿ ಪ್ರಕಟವಾದ ಹೆನ್ರಿ ಫೀಲ್ಡಿಂಗನ ‘ಜೋಸೆಫ್ ಆಂಡ್ರೂಸ್’ ಕಾದಂಬರಿಯಲ್ಲಿಯೇ ಇದೆ. ನಮ್ಮ ಪದವಾದರೋ ಅದಕ್ಕಿಂತ ಸುಮಾರು ನೂರೆಂಬತ್ತು ವರ್ಷ ಕಿರಿದು.

ಹುಟ್ಟಿದ ಮೇಲೆ ಪದ ದೂರ ನಡೆಯಿತು. 1974ರಲ್ಲಿ ತಳಿವಿಜ್ಞಾನಿಗಳು, ಅನುಕೂಲಕರವಾದ ಒಂದು ಗುಣಾಣುವಿನ ನೆರೆಯಲ್ಲಿದ್ದ ಕಾರಣಕ್ಕಾಗಿಯೇ ಹಬ್ಬುವ ಗುಣಾಣುವಿಗೆ ಈ ಹೆಸರನ್ನು ಹಚ್ಚಿದರು. 1978ರಲ್ಲಿ ಡಗ್ಲಸ್ ಆಡಮ್ಸ್ ಬಿ.ಬಿ.ಸಿ.ಗಾಗಿ ಬರೆದ ಬಾಹ್ಯಾಕಾಶದ ವಿನೋದ ಕಥೆ ಇದೇ ಪದವನ್ನು ಶೀರ್ಷಿಕೆಯಲ್ಲಿ ಹೊತ್ತು, ಪುಸ್ತಕವಾಗುವ ಮೊದಲು ರೇಡಿಯೋ ನಾಟಕವಾಗಿ ಪ್ರಸಾರವಾಯಿತು. ಇನ್ನು ನಮ್ಮ ಹೊಲದ ಬದುವಿನ ಉತ್ತರಾಣಿ, ಪಂಚೆಯ ಅಂಚಿಗೂ ದನದ ಮೈಗೂ ಅಂಟಿಕೊಂಡು ಊರೂರು ತಿರುಗುವ ಅದರ ಬೀಜ, ಯಾರ ಅಪ್ಪಣೆಯನ್ನೂ ಕೇಳದ ಹಿಚ್‌ಹೈಕರ್ ಅಲ್ಲವೇ?

ಇನ್ನು ನಮ್ಮ ಊರಿನ ಬಳಕೆ. ಬೀರೂರು ರೈಲ್ವೆ ಜಂಕ್ಷನ್ನು. ಬೆಂಗಳೂರು–ಹುಬ್ಬಳ್ಳಿಯ ದಾರಿಯಿಂದ ಶಿವಮೊಗ್ಗದ ಕಡೆಯ ಕವಲು ಇಲ್ಲಿಯೇ ಒಡೆಯುತ್ತದೆ. ರೈಲು ಇಳಿದವನ ಹಳ್ಳಿಗೆ ಬಸ್ಸಿನ ಹೊತ್ತು ಮೀರಿದ್ದರೆ ಅವನು ರಸ್ತೆಯ ಬದಿಗೆ ಬಂದು ನಿಲ್ಲುತ್ತಾನೆ. ಪಾಶ್ಚಾತ್ಯನಂತೆ ಹೆಬ್ಬೆರಳನ್ನು ಎತ್ತುವುದಿಲ್ಲ. ಹೆಬ್ಬೆಟ್ಟು ನಮ್ಮಲ್ಲಿ ಓದುಬರಹ ಬಾರದವನ ರುಜು. ಅಂಗೈಯನ್ನು ಕೆಳಮುಖವಾಗಿ ಆಡಿಸಿ, “ಅಣ್ಣಾ, ಸ್ವಲ್ಪ ಮುಂದಕ್ಕೆ ಬಿಡ್ತೀರಾ?” ಎನ್ನುತ್ತಾನೆ. ‘ಬಿಡು’, ‘ಹತ್ತಿಸಿಕೊ’, ‘ಕರೆದುಕೊಂಡು ಹೋಗು’: ಮೂರೂ ಕೊಡುವವನ ಕ್ರಿಯೆಗಳು. ಇಂಗ್ಲಿಷಿನ ಮಾತು ಕೇಳುವವನನ್ನು ಹೆಸರಿಸುತ್ತದೆ. ಕನ್ನಡದ ಮಾತು ಉಪಕಾರಿಯನ್ನು ಮುಂದಿಡುತ್ತದೆ. ಈಚೆಗೆ ‘ಲಿಫ್ಟ್’, ‘ಡ್ರಾಪ್’ ಎಂಬವು ಬಂದಿದ್ದರೂ ಅವುಗಳ ಬೆನ್ನಿಗೆ ನಾವು ‘ಕೊಡು’ ಎಂಬ ಕ್ರಿಯಾಪದವನ್ನೇ ಹಚ್ಚಿದ್ದೇವೆ.

ಹತ್ತಿ ಕುಳಿತವನಿಗೆ ಇರುವ ಹೆಸರು ಒಂದೇ: ‘ಬಿಟ್ಟಿ ಪ್ರಯಾಣಿಕ’. ಈ ‘ಬಿಟ್ಟಿ’ಗೂ ಮೇಲೆ ಹೇಳಿದ ‘ಬಿಡು’ವಿಗೂ ನಂಟಿಲ್ಲ. ಇದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ವಿಷ್ಟಿಯೆಂದರೆ ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಅದರ ಪ್ರಸ್ತಾಪವುಂಟು. ಅಂದು ಕೂಲಿ ಪಡೆಯದೆ ದುಡಿದವನ ಸಂಕಟವನ್ನು ಹೇಳುತ್ತಿದ್ದ ಮಾತು ಇಂದು ಹಣ ಕೊಡದೆ ಪಡೆದವನ ಮೇಲಿನ ತಾತ್ಸಾರವಾಗಿದೆ. ‘ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಎಂಬ ಗಾದೆಯಲ್ಲಿ ಇರುವುದು ಆ ತಾತ್ಸಾರವೇ.

ಇದು ಕೇವಲ ನಿಘಂಟಿನ ವಿಚಾರವಲ್ಲ. ಲಾರಿ, ಟೆಂಪೋಗಳಂತಹ ಸರಕು ವಾಹನದಲ್ಲಿ ಬಾಡಿಗೆಯಿಲ್ಲದೆ ಹೋಗುತ್ತಿದ್ದವನಿಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ, ಆಶಾ ರಾಣಿ ಪ್ರಕರಣದಲ್ಲಿ ತೀರ್ಪಿತ್ತಿತು. 1988ರ ಮೋಟಾರು ವಾಹನ ಕಾಯಿದೆಗೆ 1994ರಲ್ಲಾದ ತಿದ್ದುಪಡಿ ಸರಕಿನ ಒಡೆಯನಿಗೂ ಅವನ ಅಧಿಕೃತ ಪ್ರತಿನಿಧಿಗೂ ವಿಮೆಯ ರಕ್ಷಣೆಯನ್ನು ಒದಗಿಸಿದೆ. ಎಂದರೆ, ಬೀರೂರಿನಿಂದ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹೇರಿಕೊಂಡು ಹೊರಟ ರೈತನಿಗೆ ಆ ರಕ್ಷಣೆ ಉಂಟು. ದಾರಿಯಲ್ಲಿ ಕೈತೋರಿಸಿ ಅವನ ಪಕ್ಕದಲ್ಲಿ ಕುಳಿತ ನೆರೆಹಳ್ಳಿಯವನಿಗೆ ಇಲ್ಲ. ಅವನ ಹೆಂಡತಿ ಮಕ್ಕಳಿಗೆ ಸಲ್ಲಬೇಕಾದ ಪರಿಹಾರ ವಾಹನದ ಒಡೆಯನ ತಲೆಯ ಮೇಲೆ ಬೀಳುತ್ತದೆ. ಆ ಒಡೆಯನೂ ಬಡವನಾಗಿದ್ದರೆ ಎರಡು ಸಂಸಾರಗಳು ಬೀದಿಗೆ ಬೀಳುತ್ತವೆ.

ಕತ್ತಲಾದ ಮೇಲೆ ದಾರಿಯಲ್ಲಿ ನಿಂತವನನ್ನು ಹತ್ತಿಸಿಕೊಳ್ಳಬೇಡಿರೆಂದು ಇದರ ತಾತ್ಪರ್ಯವಲ್ಲ. ಹಾಗೆ ಹತ್ತಿಸಿಕೊಳ್ಳುವ ಜನರಿರುವುದರಿಂದಲೇ ಎಷ್ಟೋ ರೋಗಿಗಳು ಆಸ್ಪತ್ರೆಯನ್ನೂ ಎಷ್ಟೋ ಮಕ್ಕಳು ಪರೀಕ್ಷೆಯ ಕೊಠಡಿಯನ್ನೂ ಹೊತ್ತಿಗೆ ಸರಿಯಾಗಿ ಸೇರಿದ್ದಾರೆ. ಆದರೆ ಮೂಟೆಗಳ ಮೇಲೆ ಕುಳಿತು ಹೋಗುವುದು ಬೇಡ. ಜನರಿಗಾಗಿಯೇ ಆಸನವಿರುವ ವಾಹನವನ್ನು ಕಾಯುವುದು ಲೇಸು. ಮತ್ತೆ, ಹತ್ತಿದವನನ್ನು ‘ಬಿಟ್ಟಿ’ ಎನ್ನುವುದನ್ನು ಬಿಟ್ಟು ‘ಬಾಡಿಗೆಯಿಲ್ಲದ ಪ್ರಯಾಣಿಕ’ ಎನ್ನೋಣ. ಕಾಯಿದೆಯ ಅರ್ಥಕ್ಕೆ ಅಷ್ಟು ಸಾಕು. ಆ ಮನುಷ್ಯನ ಮಾನಕ್ಕೂ ಕುಂದಿಲ್ಲ.