ಒಂದು ಕವಾಯತು ಹಾಲಿನ ಚರಿತ್ರೆ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬ ಅಂದಮೇಲೆ ಷೇರು ಎಷ್ಟು, ಠೇವಣಿ ಎಷ್ಟು, ಕಟ್ಟಡಕ್ಕೆ ಎಷ್ಟು ಖರ್ಚಾಯಿತು ಅನ್ನುವ ಲೆಕ್ಕ ಇದ್ದೇ ಇರುತ್ತದೆ. ಅದನ್ನು ಕಾರ್ಯದರ್ಶಿಗಳು ವರದಿಯಲ್ಲಿ ಚೆನ್ನಾಗಿ ಹೇಳಿದ್ದಾರೆ. ನಮಗೆ ಒಪ್ಪಿಸಿದ ವಿಷಯ ಬೇರೆ. ಒಂದು ಕಟ್ಟಡದ ಬೆಲೆ ಯಾವುದರಲ್ಲಿದೆ, ಗೋಡೆಯಲ್ಲೋ, ಅದರೊಳಗೆ ಕೂತ ಜನರಲ್ಲೋ? ಇದನ್ನು ವಿಚಾರ ಮಾಡುವುದಕ್ಕೆ ದೂರದ ದಕ್ಷಿಣ ಆಫ್ರಿಕಾದ ಒಂದು ಹಳೆಯ ಮಿಲಿಟರಿ ಹಾಲಿನ ಕಥೆ ಹೇಳುತ್ತೇವೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಜೋಹಾನ್ಸ್‌ಬರ್ಗ್ ಅಂದರೆ ಚಿನ್ನದ ಗಣಿಗಳ ಮೇಲೆ ಬೆಳೆದ ಪಟ್ಟಣ. ಅಲ್ಲಿ ಇಂಗ್ಲಿಷರಿಗೂ ಬೋಯರರಿಗೂ 1899ರಿಂದ 1902ರವರೆಗೆ ದೊಡ್ಡ ಯುದ್ಧ ನಡೆಯಿತು. ಗೆದ್ದ ಇಂಗ್ಲಿಷರು 1904ರಲ್ಲಿ ಊರ ನಡುವೆ ಒಂದು ಹಾಲು ಕಟ್ಟಿಸಿದರು. ಅದಕ್ಕೆ ಡ್ರಿಲ್ ಹಾಲ್ ಅಂತ ಹೆಸರು. ಅಂದರೆ ಸಿಪಾಯಿಗಳು ಮಳೆಬಿಸಿಲಿನ ಕಾಟವಿಲ್ಲದೆ ಕವಾಯತು ಮಾಡುವ ಜಾಗ. ಮೇಲೆ ತಗಡಿನ ಚಾವಣಿ, ಒಳಗೆ ಬರೀ ಬಯಲು. ನೋಡಿದರೆ ನಮ್ಮ ಕಡೆಯ ದೊಡ್ಡ ಗೋದಾಮಿನ ಹಾಗೆ ಅನ್ನಬಹುದು. ಐವತ್ತು ವರ್ಷ ಅಲ್ಲಿ ಕೇಳಿದ್ದು ಬೂಟಿನ ಸಪ್ಪಳ ಮಾತ್ರ.

ಆ ದೇಶದಲ್ಲಿ 1948ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ವರ್ಣಭೇದವನ್ನೇ ಕಾಯಿದೆ ಮಾಡಿತು. ಕರಿಯರಿಗೆ ಒಂದು ಕೇರಿ, ಬಿಳಿಯರಿಗೆ ಒಂದು, ಭಾರತೀಯರಿಗೆ ಇನ್ನೊಂದು. ಬಸ್ಸು, ಬೆಂಚು, ಶಾಲೆ ಎಲ್ಲವೂ ಬೇರೆ ಬೇರೆ. ಕೇರಿ ಬೇರೆ, ಬಾವಿ ಬೇರೆ ಅನ್ನುವ ಮಾತು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ, ಹಾಗಾಗಿ ಹೆಚ್ಚು ವಿವರಿಸಬೇಕಾಗಿಲ್ಲ. 1955ರ ಜೂನ್ 25 ಮತ್ತು 26ರಂದು ಕ್ಲಿಪ್‌ಟೌನ್ ಎಂಬಲ್ಲಿ ಎಲ್ಲ ಬಣ್ಣದ ಜನರೂ ಬಯಲಿನಲ್ಲಿ ಸೇರಿ ಒಂದು ಸನ್ನದು ಒಪ್ಪಿಕೊಂಡರು. ಈ ದೇಶ ಇಲ್ಲಿ ಬಾಳುವ ಎಲ್ಲರದೂ ಅನ್ನುವುದೇ ಅದರ ತಿರುಳು. ಸರ್ಕಾರ ಇದನ್ನು ರಾಜದ್ರೋಹ ಅಂದಿತು.

1956ರ ಡಿಸೆಂಬರ್ 5ರಂದು ಬೆಳಗಿನ ಜಾವ ದೇಶದ ಮೂಲೆಮೂಲೆಗಳಲ್ಲಿ ಪೊಲೀಸರು ಬಾಗಿಲು ತಟ್ಟಿದರು. ಹೀಗೆ ಶುರುವಾದ ದಸ್ತಗಿರಿಯಲ್ಲಿ ಒಟ್ಟು 156 ಜನ ಸಿಕ್ಕಿದರು. 105 ಮಂದಿ ಆಫ್ರಿಕನ್ನರು, 23 ಬಿಳಿಯರು, 21 ಭಾರತೀಯ ಮೂಲದವರು, 7 ಮಂದಿ ಮಿಶ್ರ ವರ್ಣದವರು. ಆಲ್ಬರ್ಟ್ ಲುಥುಲಿ, ನೆಲ್ಸನ್ ಮಂಡೇಲಾ, ಆಲಿವರ್ ಟಾಂಬೊ, ನಮ್ಮ ಮೂಲದ ಮಾಂಟಿ ನಾಯ್ಕರ್, ಅಹ್ಮದ್ ಕತ್ರಾಡ ಎಲ್ಲರೂ ಅದರಲ್ಲಿದ್ದರು. ಅವರನ್ನಿಟ್ಟದ್ದು ಜೋಹಾನ್ಸ್‌ಬರ್ಗಿನ ಕೋಟೆ ಜೈಲಿನಲ್ಲಿ. 1908ರಲ್ಲಿ ನಮ್ಮ ಗಾಂಧೀಜಿಯವರನ್ನು ಸೆರೆಯಿಟ್ಟಿದ್ದೂ ಅಲ್ಲೇ.

ಜೈಲಿನಲ್ಲೂ ಬಿಳಿಯರು ಬೇರೆ, ಉಳಿದವರು ಬೇರೆ, ಹೆಂಗಸರು ಬೇರೆ. ಆದರೆ ವಿಚಾರಣೆಗೆ 156 ಜನರನ್ನು ಒಟ್ಟಿಗೆ ಕೂರಿಸಬೇಕಲ್ಲ, ಅಷ್ಟು ದೊಡ್ಡ ಕೋರ್ಟು ಎಲ್ಲಿ? ಹುಡುಕಿ ಹುಡುಕಿ ಡ್ರಿಲ್ ಹಾಲನ್ನೇ ಕೋರ್ಟು ಮಾಡಿದರು. ಇಲ್ಲೇ ನೋಡಿ ಇರುವುದು ಸ್ವಾರಸ್ಯ. ಯಾರನ್ನು ಯಾರ ಪಕ್ಕದಲ್ಲೂ ಕೂರಿಸಬಾರದು ಅಂತ ಕಾಯಿದೆ ಮಾಡಿದ ಸರ್ಕಾರವೇ ಎಲ್ಲರನ್ನೂ ಒಂದೇ ಚಾವಣಿಯ ಕೆಳಗೆ ತಂದು ಕೂರಿಸಿತು. ಸಭೆ ಸೇರಬಾರದು, ಊರು ಬಿಡಬಾರದು ಅಂತ ನಿರ್ಬಂಧ ಇದ್ದವರನ್ನು ತನ್ನದೇ ಮಿಲಿಟರಿ ವಿಮಾನದಲ್ಲಿ ಕರೆತಂದು ಭೇಟಿ ಮಾಡಿಸಿತು.

ಡಿಸೆಂಬರ್ 19ಕ್ಕೆ ವಿಚಾರಣೆ ಶುರು. ಮೊದಲ ದಿನ ಧ್ವನಿವರ್ಧಕವೇ ಇರಲಿಲ್ಲ, ಯಾರ ಮಾತೂ ಯಾರಿಗೂ ಕೇಳಲಿಲ್ಲ. ಎರಡನೆಯ ದಿನ ಬಂದು ನೋಡಿದರೆ ಆರೋಪಿಗಳು ಕೂರಲು ತಂತಿಬಲೆಯ ದೊಡ್ಡ ಪಂಜರ ಕಟ್ಟಿದ್ದಾರೆ! ಒಬ್ಬರು ಒಂದು ಕಾಗದದಲ್ಲಿ ಇವು ಅಪಾಯಕಾರಿ ಪ್ರಾಣಿಗಳು, ತಿಂಡಿ ಹಾಕಬೇಡಿ ಅನ್ನುವ ಅರ್ಥದ ಮಾತು ಬರೆದು ಪಂಜರಕ್ಕೆ ಅಂಟಿಸಿದರಂತೆ. ಪಂಜರ ತೆಗೆಯದಿದ್ದರೆ ನಾವು ಎದ್ದು ಹೋಗುತ್ತೇವೆ ಅಂತ ವಕೀಲರು ಪಟ್ಟು ಹಿಡಿದರು. ಕಡೆಗೆ ಪಂಜರ ಕಿತ್ತರು. ಆ ದಿನಗಳಲ್ಲೇ ಹೊರಗೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಇಪ್ಪತ್ತರಷ್ಟು ಮಂದಿ ಗಾಯಗೊಂಡರು. ಜನ ಮಾತ್ರ ಹಿಂದೆ ಸರಿಯಲಿಲ್ಲ.

ಸಾಲಕ್ಕೆ ಜಾಮೀನು ಹಾಕಿದ ಸದಸ್ಯರಿಗೆ ಜಾಮೀನು ಅಂದರೇನು ಅಂತ ಹೇಳಬೇಕಾಗಿಲ್ಲ. ಅಲ್ಲಿ ಜಾಮೀನಿಗೂ ಬಣ್ಣ ಇತ್ತು. ಬಿಳಿಯರಿಗೆ 250 ಪೌಂಡು, ಭಾರತೀಯರಿಗೆ 100, ಆಫ್ರಿಕನ್ನರಿಗೂ ಮಿಶ್ರ ವರ್ಣದವರಿಗೂ 25. ಆರೋಪ ಒಂದೇ, ತಲೆಯ ಬೆಲೆ ಮೂರು ಥರ! ಸಾಕ್ಷ್ಯ ಅಂತ ಸಾವಿರಾರು ಕಾಗದ ತಂದು ಗುಡ್ಡೆ ಹಾಕಿದರು. ಕ್ಲಿಪ್‌ಟೌನಿನ ಸಭೆಯಲ್ಲಿ ಊಟದ ಹತ್ತಿರ ಹಾಕಿದ್ದ ಮಾಂಸದ ಸೂಪು, ಮಾಂಸವಿಲ್ಲದ ಸೂಪು ಅನ್ನುವ ಎರಡು ಬೋರ್ಡುಗಳೂ ರಾಜದ್ರೋಹಕ್ಕೆ ಸಾಕ್ಷಿಯಾದವು. ಕಮ್ಯುನಿಸಂ ವಿಷಯದಲ್ಲಿ ಪಂಡಿತರೆಂದು ಸರ್ಕಾರ ಕರೆಸಿದ ಒಬ್ಬ ಪ್ರೊಫೆಸರಿಗೆ ವಕೀಲ ಬೆರಾಂಜೆಯವರು ಒಂದು ಬರಹ ಓದಿ ಹೇಳಿದರು. ಇದು ಕಮ್ಯುನಿಸ್ಟ್ ಬರಹವೇ ಅಂದರು ಪ್ರೊಫೆಸರು. ಅದನ್ನು ಬರೆದವರು ಅವರೇ ಆಗಿದ್ದರು!

ನಗು ಬರುತ್ತದೆ, ನಿಜ. ಆದರೆ ರಾಜದ್ರೋಹಕ್ಕೆ ಗಲ್ಲುಶಿಕ್ಷೆ ಇತ್ತು ಅನ್ನುವುದನ್ನು ಮರೆಯಬಾರದು. ವರ್ಷಗಟ್ಟಲೆ ಕೆಲಸಕಾರ್ಯ ಬಿಟ್ಟು ಕೂತವರ ಸಂಸಾರ ನಡೆಯಬೇಕಲ್ಲ? ಬಿಷಪ್ ಆಂಬ್ರೋಸ್ ರೀವ್ಸ್, ಕಾದಂಬರಿಕಾರ ಅಲನ್ ಪೇಟನ್ ಮೊದಲಾದವರು ಸೇರಿ ಒಂದು ನಿಧಿ ತೆರೆದರು. ಲಂಡನ್ನಿನಲ್ಲಿ ಪಾದ್ರಿ ಜಾನ್ ಕಾಲಿನ್ಸ್ ಹಣ ಕೂಡಿಸಿದರು. ಭಾರತೀಯ ಮನೆತನಗಳ ಹೆಂಗಸರು ಆರೋಪಿಗಳಿಗೆ ಅಡುಗೆ ಮಾಡಿ ಹೊತ್ತು ತಂದರು. ಹನಿಗೂಡಿ ಹಳ್ಳ ಅನ್ನುವ ಗಾದೆ ನಮ್ಮದು, ಕೆಲಸ ಅವರದೂ ಅದೇ. ಸಹಕಾರ ಅಂದರೆ ಇನ್ನೇನು ಸ್ವಾಮಿ?

1958ರ ಜನವರಿಯವರೆಗೂ ಆ ಹಾಲಿನಲ್ಲಿ ಪ್ರಾಥಮಿಕ ವಿಚಾರಣೆ ನಡೆಯಿತು. ಅಷ್ಟರಲ್ಲಿ ಲುಥುಲಿ, ಟಾಂಬೊ ಸೇರಿ 61 ಜನರನ್ನು ಬಿಟ್ಟಿದ್ದರು. ಮುಂದಿನ ವಿಚಾರಣೆಯನ್ನು ಪ್ರಿಟೋರಿಯಾಕ್ಕೆ ಸಾಗಿಸಿದರು. ಕೊನೆಗೆ ಉಳಿದ 30 ಮಂದಿಯೂ 1961ರ ಮಾರ್ಚ್ 29ರಂದು ನಿರ್ದೋಷಿಗಳೆಂದು ಬಿಡುಗಡೆಯಾದರು. ಲುಥುಲಿಯವರಿಗೆ 1960ನೇ ಸಾಲಿನ ನೊಬೆಲ್ ಶಾಂತಿ ಬಹುಮಾನ ಬಂತು. ಮಂಡೇಲಾ ಮತ್ತೆ 27 ವರ್ಷ ಸೆರೆ ಕಂಡು, 1994ರಲ್ಲಿ ರಾಷ್ಟ್ರಾಧ್ಯಕ್ಷರಾದರು.

ಹಾಲು ಏನಾಯಿತು? ಮತ್ತೆ ಮಿಲಿಟರಿಯ ಕೈಗೆ ಹೋಯಿತು. 1987ರಲ್ಲಿ ಅದರ ಹೊರಗೆ ಕಾರುಬಾಂಬು ಸಿಡಿಯಿತು. ಮಿಲಿಟರಿಯವರು ಬಿಟ್ಟುಹೋದ ಮೇಲೆ ಕೇಳುವವರಿಲ್ಲದೆ ಪಾಳು ಬಿತ್ತು. ಮನೆಮಠ ಇಲ್ಲದ ಬಡವರು ಬಂದು ಸೇರಿದರು. ಆಮೇಲೆ ಬೆಂಕಿ ಬಿದ್ದು ದೊಡ್ಡ ಹಾಲು ಸುಟ್ಟೇಹೋಯಿತು. ಅಷ್ಟು ದೊಡ್ಡ ಚರಿತ್ರೆಯ ಜಾಗಕ್ಕೆ ಸ್ವತಂತ್ರ ದೇಶದಲ್ಲೇ ಈ ಗತಿ! 2004ರಲ್ಲಿ ನಗರದವರು ಉಳಿದ ಕಟ್ಟಡಗಳನ್ನು ರಿಪೇರಿ ಮಾಡಿಸಿ ನಡುವಿನ ಜಾಗವನ್ನು ಜನರಿಗೆ ತೆರೆದರು. 2008ರಲ್ಲಿ ಕೆಲವು ಯುವಕರು ಅಲ್ಲೇ ಒಂದು ಲೈಬ್ರರಿ ಶುರುಮಾಡಿ, ಸುತ್ತಲಿನ ಮಕ್ಕಳಿಗೆ ಕೆಲವು ವರ್ಷ ಪಾಠ, ಓದು, ಆಟ ನಡೆಸಿದರು. ಬೂಟಿನ ಸಪ್ಪಳ ಇದ್ದ ಕಡೆ ಮಕ್ಕಳ ಗಲಾಟೆ ಕೇಳಿತು.

ಸದಸ್ಯ ಬಾಂಧವರೇ, ಕಟ್ಟಿದವರು ಒಂದು ಉದ್ದೇಶಕ್ಕೆ ಕಟ್ಟುತ್ತಾರೆ, ಕೂತವರು ಅದಕ್ಕೆ ಬೇರೆ ಅರ್ಥ ಕೊಡುತ್ತಾರೆ. ಯಾರೂ ಕೂರದೆ ಬೀಗ ಹಾಕಿದರೆ ಎಂಥ ಚರಿತ್ರೆಯೂ ಗೆದ್ದಲಿನ ಪಾಲು. ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಈ ಸಭಾಂಗಣದಲ್ಲೂ ಆ ನ್ಯಾಯವೇ ನಡೆಯಲಿ. ಯಾವ ಕೇರಿಯಿಂದ ಬಂದವರಿಗೂ ಇಲ್ಲಿ ಒಂದೇ ಚಾಪೆ, ಒಂದೇ ಸಾಲು ಇರಲಿ. ಲಗ್ನಕ್ಕೆ, ಸಭೆಗೆ, ಮಕ್ಕಳ ಓದಿಗೆ ಬಾಗಿಲು ತೆರೆದಿರಲಿ. ಇಲ್ಲಿ ಯಾರು ಯಾರು ಕೂತರು, ಏನು ತೀರ್ಮಾನ ಮಾಡಿದರು ಅನ್ನುವ ನಡವಳಿ ಪುಸ್ತಕಗಳನ್ನು ಜೋಪಾನವಾಗಿ ಇಡೋಣ. ಸುವರ್ಣ ಮಹೋತ್ಸವದ ಹೊತ್ತಿಗೆ ನಮ್ಮ ಮಕ್ಕಳಿಗೆ ಹೇಳಲು ಒಂದು ಕಥೆ ಉಳಿಯುತ್ತದೆ.