ಚಕಮಕಿ ಬಂದೂಕು: ಹಳೆಯದು ಯಾವುದು, ಹೊಸದು ಯಾವುದು?

ಆದಿಚುಂಚನಗಿರಿಯ ಬೆಟ್ಟದಿಂದ ದಕ್ಷಿಣಕ್ಕೆ ಇಳಿದು, ನಾಗಮಂಗಲ, ಪಾಂಡವಪುರಗಳನ್ನು ದಾಟಿ ಶ್ರೀರಂಗಪಟ್ಟಣ ಸೇರುವ ನೆಲ ಹದಿನೆಂಟನೆಯ ಶತಮಾನದಲ್ಲಿ ಮದ್ದುಗುಂಡಿನ ವಾಸನೆ ಕಂಡ ನೆಲ. 1771ರಲ್ಲಿ ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಹೈದರನ ಸೈನ್ಯ ಮರಾಠರೆದುರು ಸೋತಿತು. ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದಲೇ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೂ ಇತ್ತು. ಇಂಥ ಕಡೆ ತುಸು ಹಳೆಯದಾಗಿ ಕಾಣುವ ಯಾವ ಬಂದೂಕಿಗಾದರೂ ‘ಟಿಪ್ಪು ಕಾಲದ್ದು’ ಎಂಬ ಬಿರುದು ಸುಲಭವಾಗಿ ಅಂಟಿಕೊಳ್ಳುತ್ತದೆ. ಆ ಮಾತನ್ನು ನಂಬಿ ಸಾಲ ಮಾಡಿ ಕೊಂಡವನು ಕೆಡುತ್ತಾನೆ. ನಂಬದೆ ನಿಜವಾದ ಹಳೆಯ ನಳಿಗೆಯನ್ನು ಗುಜರಿಗೆ ತೂಕ ಹಾಕಿದವನೂ ಕೆಡುತ್ತಾನೆ.

ಚಕಮಕಿ ಬಂದೂಕಿನ ಕೆಲಸ ಸರಳ. ಸುತ್ತಿಗೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ಪಟ್ಟಿಗೆ ಬಡಿದಾಗ ಕಿಡಿ ಹಾರುತ್ತದೆ. ಆ ಕಿಡಿ ಕೆಳಗಿನ ಪುಟ್ಟ ಬಟ್ಟಲಿನ ಮದ್ದಿಗೆ ಬೀಳುತ್ತದೆ. ಬೆಂಕಿ ಸಣ್ಣ ರಂಧ್ರದ ಮೂಲಕ ನಳಿಗೆಯೊಳಗೆ ಹೋಗಿ ಗುಂಡನ್ನು ಹಾರಿಸುತ್ತದೆ. ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾದ ಗೀರುಗಳಿದ್ದರೆ ಅದು ರೈಫಲ್, ನುಣ್ಣಗಿದ್ದರೆ ಮಸ್ಕೆಟ್. ಹತ್ತೊಂಬತ್ತನೆಯ ಶತಮಾನದ ನಡುವಿನ ವೇಳೆಗೆ ಸೈನ್ಯಗಳು ಕಲ್ಲನ್ನು ಬಿಟ್ಟು ತಾಮ್ರದ ಕೇಪನ್ನು ಹಿಡಿದವು.

ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಒಳ್ಳೆಯ ಚಕಮಕಿ ಬಂದೂಕುಗಳು ತಯಾರಾಗುತ್ತಿದ್ದವು. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಪ್ಯಾರಿಸ್ಸಿಗೆ ಹೋಗಿ ಹದಿನಾರನೆಯ ಲೂಯಿಯನ್ನು ಕಂಡಾಗ ಕುಶಲಕರ್ಮಿಗಳನ್ನೂ ಕೇಳಿ ಪಡೆದರು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅಲ್ಲಿನ ಸಂಪತ್ತು ಗೆದ್ದ ಸೈನ್ಯದವರ ಪಾಲಾಯಿತು. ಬಂದೂಕುಗಳು ಇಂಗ್ಲೆಂಡಿನ ಅರಮನೆ, ಮ್ಯೂಸಿಯಂ ಮತ್ತು ಅಟ್ಟಗಳನ್ನು ಸೇರಿದವು. ಹೀಗಾಗಿ ಅಸಲು ಮಾಲು ಊರಿನಲ್ಲಿ ಅಪರೂಪ. ಹೆಸರು ಮಾತ್ರ ಉಳಿದಿದೆ.

ಇನ್ನು ಹೊಸ ಪ್ರತಿಕೃತಿಗಳ ಕಥೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕ, ಯುರೋಪುಗಳಲ್ಲಿ ಹಳೆಯ ಬಂದೂಕಿನಿಂದ ಗುರಿ ಹೊಡೆಯುವ, ಹಳೆಯ ಯುದ್ಧಗಳನ್ನು ವೇಷ ಹಾಕಿ ಆಡಿ ತೋರಿಸುವ ಹವ್ಯಾಸ ಬೆಳೆಯಿತು. ಇಟಲಿಯ ಗಾರ್ಡೋನೆಯ ಕಾರ್ಖಾನೆಗಳು ಇದಕ್ಕಾಗಿ ಹಳೆಯ ಮಾದರಿಯಲ್ಲಿ ಹೊಸ ಬಂದೂಕು ಮಾಡತೊಡಗಿದವು. ಭಾರತದಲ್ಲಿ ತಯಾರಾದವೂ ಹೊರದೇಶಕ್ಕೆ ಹೋಗುತ್ತವೆ. ಇವುಗಳಲ್ಲಿ ಮೋಸವೇನೂ ಇಲ್ಲ. ಯಾರೋ ಒಬ್ಬ ನಡುವೆ ಸೇರಿ, ಗುರುತು ಅಳಿಸಿ, ಆಮ್ಲ ಸವರಿ ತುಕ್ಕು ಹಿಡಿಸಿ ‘ಅಜ್ಜನ ಕಾಲದ್ದು’ ಎಂದಾಗ ಮೋಸ ಹುಟ್ಟುತ್ತದೆ.

ಗುರುತಿಸುವುದು ಹೇಗೆ? ಮೊದಲು ನಳಿಗೆಯ ಮೇಲಿನ ಬರಹ ನೋಡಬೇಕು. ‘ಬ್ಲ್ಯಾಕ್ ಪೌಡರ್ ಓನ್ಲಿ’ ಎಂದೋ, ಆಧುನಿಕ ಕಾರ್ಖಾನೆಯ ಹೆಸರು, ಕ್ರಮಸಂಖ್ಯೆ, ಪರೀಕ್ಷಾ ಮುದ್ರೆಗಳೋ ಇದ್ದರೆ ವಾದ ಅಲ್ಲಿಗೇ ಮುಗಿಯಿತು. ಇಟಲಿಯ ಮುದ್ರೆಗಳಲ್ಲಿ ಪರೀಕ್ಷೆಯಾದ ವರ್ಷವೂ ಸಂಕೇತವಾಗಿ ಇರುತ್ತದೆ. ಇಂಥ ಮುದ್ರೆಗಳು ಮರದ ಹಿಡಿಯ ಕೆಳಗೆ ಅಡಗಿರುವುದೂ ಉಂಟು. ಬರಹ ಇರಬೇಕಾದ ಜಾಗ ತಗ್ಗಾಗಿದ್ದರೆ ಅರ ಹಾಕಿ ಉಜ್ಜಿದ್ದಾರೆಂದು ಅನುಮಾನಿಸಬೇಕು. ಆಮೇಲೆ ಸ್ಕ್ರೂ ನೋಡಬೇಕು. ಕೈಯಲ್ಲಿ ಕೊರೆದ ಹಳೆಯ ಸ್ಕ್ರೂಗಳು ಒಂದರಂತೆ ಒಂದಿರುವುದಿಲ್ಲ. ಯಂತ್ರದವು ಅಚ್ಚಿನಲ್ಲಿ ಹೊಯ್ದಂತೆ ಒಂದೇ ಸಮ. ಸುತ್ತಿಗೆ, ಬಟ್ಟಲುಗಳ ಒಳಬದಿಯಲ್ಲಿ ಎರಕದ ಒರಟು ಉಳಿದಿದ್ದರೆ ಅದೂ ಹೊಸತನದ ಸುಳಿವು. ಸವೆತವಂತೂ ಸುಳ್ಳು ಹೇಳುವುದು ಕಷ್ಟ. ಕೆನ್ನೆ ತಾಗುವಲ್ಲಿ, ಕೈ ಹಿಡಿಯುವಲ್ಲಿ ಮರ ನುಣುಪಾಗಬೇಕು. ಬಟ್ಟಲಿನ ಸುತ್ತ ಮದ್ದು ಸುಟ್ಟ ಗುಳಿಗಳಿರಬೇಕು. ಎಲ್ಲ ಕಡೆಯೂ ಒಂದೇ ಬಗೆಯ ತುಕ್ಕಿದ್ದರೆ ಅದು ಕಾಲದ ಕೆಲಸವಲ್ಲ, ಬಾಟಲಿಯ ಕೆಲಸ.

ಟಿಪ್ಪುವಿನ ಬಂದೂಕೆಂದರೆ ಇನ್ನಷ್ಟು ಎಚ್ಚರ ಬೇಕು. ಹುಲಿಪಟ್ಟೆಯ ಅಲಂಕಾರ, ಹುಲಿಮುಖದ ಮುದ್ರೆ, ಪರ್ಷಿಯನ್ ಬರಹ ಇವೆಲ್ಲ ನಕಲು ಮಾಡುವವನಿಗೂ ಗೊತ್ತು. ತಾರೀಖೇ ಹೆಚ್ಚು ತಿಳಿಸುತ್ತದೆ. ಟಿಪ್ಪು ಹಿಜರಿಗೆ ಬದಲಾಗಿ ಮೌಲೂದಿ ಎಂಬ ಸ್ವಂತ ಶಕೆಯನ್ನು ಬಳಕೆಗೆ ತಂದ. ಅವನ ನಾಣ್ಯಗಳಲ್ಲಿ ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿದ್ದಾರೆ. ಮೌಲೂದಿ 1222 ಎಂದರೆ ಕ್ರಿ.ಶ. 1794ರ ಸುಮಾರು. ಅದನ್ನೇ ಹಿಜರಿ ಎಂದು ಲೆಕ್ಕ ಹಾಕಿದರೆ 1807 ಬರುತ್ತದೆ, ಅಂದರೆ ಟಿಪ್ಪು ಸತ್ತ ಎಂಟು ವರ್ಷಗಳ ಮೇಲೆ! ಅರೆಬರೆ ತಿಳಿದವನು ಅಸಲನ್ನೇ ನಕಲೆಂದು ತಳ್ಳುವುದು ಹೀಗೆ.

ಬೆಲೆಯ ಅಂತರ ದೊಡ್ಡದು. 2015ರಲ್ಲಿ ಲಂಡನ್ನಿನ ಬೊನ್ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಒಂದು ಬೇಟೆ ಬಂದೂಕಿಗೆ ಏಳು ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆ ಬಂತು. 2019ರಲ್ಲಿ ಮೇಜರ್ ಥಾಮಸ್ ಹಾರ್ಟ್ ಒಯ್ದಿದ್ದ ಬೆಳ್ಳಿ ಕಟ್ಟಿನ ಬಂದೂಕು 60,000 ಪೌಂಡಿಗೆ ಹೋಯಿತು; ಅವನ ವಂಶದವರ ಮನೆಯಲ್ಲೇ ಅದು ಉಳಿದುಬಂದಿತ್ತು. ಎಲ್ಲಿಂದ ಯಾರ ಕೈಗೆ ಬಂತು ಎಂಬ ಈ ದಾಖಲೆಯೂ ಬೆಲೆಯ ಭಾಗವೇ. ಪ್ರತಿಕೃತಿಗಾದರೆ ಉಪಕರಣದ ಬೆಲೆ: ತಯಾರಕ ಯಾರು, ಕಿಡಿ ಸರಿಯಾಗಿ ಬೀಳುತ್ತದೆಯೇ, ನಳಿಗೆ ಶುದ್ಧವಾಗಿದೆಯೇ, ಮರ ಬಿರಿದಿದೆಯೇ ಎಂಬುದರ ಮೇಲೆ ಅದು ನಿಲ್ಲುತ್ತದೆ. ಅದೂ ಬೆಲೆಯೇ, ಅದಕ್ಕೆ ನಾಚಬೇಕಾಗಿಲ್ಲ.

ಕಾನೂನೂ ಈ ವ್ಯತ್ಯಾಸವನ್ನು ನೋಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯಿದೆ, ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಬಂದೂಕಿಗೆ ವಿನಾಯಿತಿ ಕೊಟ್ಟಿದೆ. ಹಾರಿಸಬಲ್ಲ ಹೊಸ ಪ್ರತಿಕೃತಿಗೆ ‘ಹಳೆಯ ಮಾದರಿ’ ಎಂಬ ನೆಪ ನಡೆಯುವುದಿಲ್ಲ, ಪರವಾನಗಿ ಬೇಕು. ನೂರು ವರ್ಷ ಮೀರಿದ ಅಸಲು 1972ರ ಪ್ರಾಚ್ಯವಸ್ತು ಕಾಯಿದೆಯಡಿ ಬರುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಆದ್ದರಿಂದ ಅಟ್ಟದಲ್ಲಿ ಇಂಥದೊಂದು ಸಿಕ್ಕಿದರೆ ಮೊದಲು ಮದ್ದು ತುಂಬಿಲ್ಲವೆಂದು ಬಲ್ಲವರಿಂದ ಖಚಿತ ಮಾಡಿಕೊಳ್ಳಬೇಕು. ಹುಣಿಸೆಹಣ್ಣು, ಮರಳು, ಉಪ್ಪುಕಾಗದ ಹಾಕಿ ಉಜ್ಜಬಾರದು. ಉಜ್ಜಿದರೆ ಬರಹವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಇದ್ದ ಹಾಗೆಯೇ ಫೋಟೋ ತೆಗೆದು, ಮನೆಯ ಹಿರಿಯರು ಹೇಳುವುದನ್ನು ಬರೆದಿಟ್ಟು, ಪುರಾತತ್ವ ಇಲಾಖೆಗೆ ತೋರಿಸಬೇಕು. ಅದು ಟಿಪ್ಪುವಿನದಲ್ಲದೆ ಯಾವನೋ ಹೆಸರಿಲ್ಲದ ಸಿಪಾಯಿಯದೆಂದು ತಿಳಿದರೂ ನಷ್ಟವಿಲ್ಲ. ಸುಳ್ಳು ಹೆಸರಿನ ಬಂದೂಕಿಗಿಂತ ನಿಜ ತಿಳಿದ ಬಂದೂಕೇ ಊರಿನ ಚರಿತ್ರೆಗೆ ಹೆಚ್ಚು ಬೇಕಾದದ್ದು.